ಅಕಾಲ ನಿವೃತ್ತಿ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಮೊದಲು ಲಕ್ಷಣ ಹೇಳಬೇಕು, ಜಗಳ ಆಮೇಲೆ. ಅಕಾಲ ನಿವೃತ್ತನೆಂದರೆ ಯಾರು? ‘ದುಡಿಯದೆ ಉಣ್ಣುವವನು’ ಎಂದರೆ ಮನೆ ಅಳಿಯನೂ ಮಠದ ಬೆಕ್ಕೂ ಅದರಡಿ ಬಂದು ಅತಿವ್ಯಾಪ್ತಿ ದೋಷ ತಟ್ಟುತ್ತದೆ. ‘ನಲವತ್ತರೊಳಗೆ ಕೆಲಸ ಬಿಟ್ಟವನು’ ಎಂದರೆ ಕೆಲಸವೇ ಯಾರನ್ನು ಬಿಟ್ಟಿತೋ ಅವನೂ ಒಳಗೆ ನುಗ್ಗುತ್ತಾನೆ; ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ಅಂಥವರಿಗೇನೂ ಬರವಿಲ್ಲ. ಆದ್ದರಿಂದ ಪಂಡಿತರು ಒಪ್ಪಿದ ಲಕ್ಷಣ ಇದು: ವರ್ಷದ ಖರ್ಚಿನ 25 ಪಟ್ಟು ಹಣ ಕೂಡಿಟ್ಟು, ಅದರಲ್ಲಿ ವರ್ಷಕ್ಕೆ ಶೇ 4ರಷ್ಟನ್ನು ತೆಗೆದು ತಿನ್ನುತ್ತ, ಸೋಮವಾರ ಬೆಳಗ್ಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಕಾಣಿಸಿಕೊಳ್ಳದವನೇ ಅಕಾಲ ನಿವೃತ್ತ. ಅನುಯಾಯಿಗಳು ಈ ಮತವನ್ನು ‘ಫೈರ್’ (ಫೈನಾನ್ಶಿಯಲ್ ಇಂಡಿಪೆಂಡೆನ್ಸ್, ರಿಟೈರ್ ಅರ್ಲಿ) ಎನ್ನುತ್ತಾರೆ.

ಗುರುಪರಂಪರೆ ಅಮೆರಿಕದ್ದು. ಆದಿಗುರು ಜೋ ಡೊಮಿಂಗೆಜ್ 1969ರಲ್ಲಿ, ತಮ್ಮ 31ನೆಯ ವಯಸ್ಸಿಗೆ, ವಾಲ್ ಸ್ಟ್ರೀಟಿನ ನೌಕರಿಗೆ ಶರಣು ಹೊಡೆದರು. ವಿಕಿ ರಾಬಿನ್ ಜೊತೆ ಅವರು ಬರೆದ ‘ಯುವರ್ ಮನಿ ಆರ್ ಯುವರ್ ಲೈಫ್’ 1992ರಲ್ಲಿ ಬಂತು. ಸೂತ್ರಕಾರ ವಿಲಿಯಂ ಬೆಂಗೆನ್. ಎಂಐಟಿಯಲ್ಲಿ ವಿಮಾನಶಾಸ್ತ್ರ ಓದಿ, ಮನೆತನದ ತಂಪು ಪಾನೀಯದ ವ್ಯಾಪಾರ ನೋಡಿಕೊಂಡು, ಕೊನೆಗೆ ಹಣಕಾಸು ಸಲಹೆಗಾರರಾದ ಈ ಮಹನೀಯರು 1994ರಲ್ಲಿ ಶೇ 4ರ ಸೂತ್ರವನ್ನು ಜಗತ್ತಿಗೆ ಕೊಟ್ಟರು. 1998ರಲ್ಲಿ ಟೆಕ್ಸಾಸ್‌ನ ಟ್ರಿನಿಟಿ ವಿಶ್ವವಿದ್ಯಾಲಯದ ಮೂವರು ಪ್ರಾಧ್ಯಾಪಕರು ಭಾಷ್ಯ ಬರೆದರು. ಪ್ರಚಾರಕಾರ್ಯ ಕೊಲರಾಡೊದ ಪೀಟ್ ಅಡೇನಿಯವರದು. ಸಾಫ್ಟ್‌ವೇರ್ ಕೆಲಸವನ್ನು 2005ರಲ್ಲಿ, 30ಕ್ಕೇ ಬಿಟ್ಟವರು 2011ರಿಂದ ‘ಮಿಸ್ಟರ್ ಮನಿ ಮಸ್ಟಾಶ್’ ಎಂಬ ಹೆಸರಲ್ಲಿ ಬರೆಯತೊಡಗಿದರು. ದುಡಿಯದೆ ಬದುಕುವುದು ಹೇಗೆಂದು ಬರೆದದ್ದಕ್ಕೇ ಅವರಿಗೆ ಚೆನ್ನಾಗಿ ವರಮಾನ ಬಂತು. ಇದನ್ನು ಮತದ ಒಳವಿರೋಧವೆಂದು ಎತ್ತಿ ಆಡುವವರಿಗೆ ವರಮಾನವಿಲ್ಲ ಎಂಬುದನ್ನೂ ಗಮನಿಸಬೇಕು.

ಗಣಿತದ ಬಗ್ಗೆ ತಕರಾರಿಲ್ಲ. ಬೆಲೆಯೇರಿಕೆ ಕಳೆದು ಶೇ 5ರ ಪ್ರತಿಫಲ ಬರುತ್ತದೆಂದುಕೊಂಡರೆ, ಸಂಬಳದ ಹತ್ತನೇ ಒಂದು ಪಾಲು ಉಳಿಸುವವನು 51 ವರ್ಷ ದುಡಿಯಬೇಕು. ಅರ್ಧ ಉಳಿಸುವವನಿಗೆ ಸುಮಾರು 17 ವರ್ಷ. ಮುಕ್ಕಾಲು ಪಾಲು ಉಳಿಸುವವನು ಏಳೇ ವರ್ಷದಲ್ಲಿ ಮುಕ್ತ. ಇಲ್ಲಿಂದ ಹೊರಡುವ ಮೊದಲ ಸಿದ್ಧಾಂತ: ಬೇಗ ನಿವೃತ್ತನಾಗಲು ಬೇಕಾದ ಮುಖ್ಯ ಅರ್ಹತೆ ವೈರಾಗ್ಯವಲ್ಲ, ಕಾಲು ಭಾಗದಲ್ಲೇ ಮನೆ ನಡೆಯುವಷ್ಟು ದೊಡ್ಡ ಸಂಬಳ. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಗಳಿಗೆ ಈ ಶಾಸ್ತ್ರ ಓದುವ ಅಧಿಕಾರವಿಲ್ಲ. ವೈರಾಗ್ಯ ಮಾತ್ರ ಅವಳಲ್ಲಿ ಧಾರಾಳವಾಗಿದೆ.

ಇನ್ನು ಕಾಫಿ ಪ್ರಕರಣ. ದಿನಕ್ಕೆ 20 ರೂಪಾಯಿಯ ಫಿಲ್ಟರ್ ಕಾಫಿ ಬಿಟ್ಟು, ಆ 600 ರೂಪಾಯಿಯನ್ನು ತಿಂಗಳು ತಿಂಗಳು ಮ್ಯೂಚುವಲ್ ಫಂಡಿನ ಎಸ್‌ಐಪಿಗೆ ಹಾಕಿದರೆ, ಶೇ 12 ಬಂದೇ ಬರುತ್ತದೆಂಬ ಭಕ್ತಿಯಿದ್ದಲ್ಲಿ, 20 ವರ್ಷಕ್ಕೆ ಸುಮಾರು 6 ಲಕ್ಷವಾಗುತ್ತದೆ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ಬೆಂಗಳೂರಿನ ಹಳೇ ಸಂಪ್ರದಾಯದಲ್ಲಿ, 60 ಸಾವಿರ ಬಾಡಿಗೆಯ ಮನೆಯ ಬೀಗದ ಕೈಗೆ ಇವತ್ತೇ ಕೊಡಬೇಕಾದ ಮೊತ್ತವದು. ಎರಡು ದಶಕ ಬಾಯಿ ಕಟ್ಟಿದವನು ಕೊನೆಗೂ ಓನರ್ ಮನೆಯ ಗೇಟಿನ ತನಕ ಮುಟ್ಟುತ್ತಾನೆ. ಬೈಟು ಕಾಫಿಯೆಂಬ ಮಧ್ಯಮ ಮಾರ್ಗ ಊರಲ್ಲಿ ಮೊದಲಿನಿಂದಲೂ ಇದ್ದದ್ದು ಹೊಸ ಮತದವರ ಕಣ್ಣಿಗೆ ಏಕೆ ಬೀಳಲಿಲ್ಲವೋ!

ಅಕಾಲ ನಿವೃತ್ತಿ ನಮಗೆ ಹೊಸದೆನ್ನುವವರು ವಿಆರ್‌ಎಸ್ (ಸ್ವಯಂ ನಿವೃತ್ತಿ ಯೋಜನೆ) ಎಂಬ ಮೂರಕ್ಷರದ ಮಂತ್ರ ಮರೆತಿದ್ದಾರೆ. ಎಚ್‌ಎಂಟಿ, ಐಟಿಐ ಕಾಲೊನಿಗಳಲ್ಲಿ ಬೆಳೆದ ಮಕ್ಕಳಿಗೆ ‘ನಮ್ಮಪ್ಪ ವಿಆರ್‌ಎಸ್ ತಗೊಂಡ್ರು’ ಎಂಬ ಮಾತು ಜ್ವರ ನೆಗಡಿಯಷ್ಟೇ ಪರಿಚಿತ. 2000ದ ಆಸುಪಾಸು ಸರ್ಕಾರಿ ಬ್ಯಾಂಕುಗಳಲ್ಲಿ ಅದೇ ಗಾಳಿ ಬೀಸಿತು. 2020ರ ಜನವರಿ 31ರಂದು ಬಿಎಸ್‌ಎನ್‌ಎಲ್‌ನ ಸುಮಾರು 78 ಸಾವಿರ ನೌಕರರು, ಎಲ್ಲರೂ 50 ದಾಟಿದವರು, ಒಂದೇ ಸಂಜೆ ಮನೆಗೆ ಹೋದರು. ಡೊಮಿಂಗೆಜ್ ಮತದಲ್ಲಿ ಇಷ್ಟು ದೊಡ್ಡ ಸಾಮೂಹಿಕ ದೀಕ್ಷೆ ನಡೆದ ಉದಾಹರಣೆಯಿಲ್ಲ. ವ್ಯತ್ಯಾಸ ಇಷ್ಟೇ: ಅಪ್ಪನ ಕಾಲದಲ್ಲಿ ಕಂಪನಿಯು ನೌಕರನನ್ನು ಸಾಕೆಂದಿತು, ಮಗನ ಕಾಲದಲ್ಲಿ, ಕನಿಷ್ಠ ಎಕ್ಸೆಲ್ ಹಾಳೆಯ ಮೇಲಾದರೂ, ನೌಕರನೇ ಕಂಪನಿಯನ್ನು ಸಾಕೆನ್ನುತ್ತಾನೆ. ಅಪ್ಪನ ಇಡಿಗಂಟು ಎಲ್ಲಿಗೆ ಹೋಯಿತೆಂಬುದು ಪ್ರತ್ಯೇಕ ಸಂಶೋಧನೆಯ ವಸ್ತು. ನಿವೃತ್ತರ ಠೇವಣಿಯೇ ತುಂಬಿದ್ದ ಬಸವನಗುಡಿಯ ಸಹಕಾರಿ ಬ್ಯಾಂಕೊಂದರಲ್ಲಿ 2020ರ ಜನವರಿಯಲ್ಲಿ, 35 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ ಹೇಳಿತು. ವರ್ಷಕ್ಕೆ ಶೇ 4 ತೆಗೆಯಿರಿ ಎಂದ ಬೆಂಗೆನ್ನರು ಬಾಗಿಲು ಹಾಕಿದ ಕೌಂಟರಿನ ಬಗ್ಗೆ ಸೂತ್ರ ಬರೆದಿಲ್ಲ.

ಸೂತ್ರದ ಮಿತಿ ಅಷ್ಟಕ್ಕೇ ಮುಗಿಯುವುದಿಲ್ಲ. ಬೆಂಗೆನ್ ಲೆಕ್ಕ ಹಾಕಿದ್ದು 1926ರಿಂದೀಚಿನ ಅಮೆರಿಕದ ಷೇರು, ಬಾಂಡುಗಳ ಮೇಲೆ, 30 ವರ್ಷದ ನಿವೃತ್ತ ಜೀವನಕ್ಕೆ. ಅಂದರೆ ಅರವತ್ತೈದರ ಅಜ್ಜನಿಗೆ ಹೊಲಿದ ಅಂಗಿ. ಮೂವತ್ತೈದರ ಹುಡುಗ ತೊಂಬತ್ತರ ತನಕ ಬದುಕಿದರೆ 55 ವರ್ಷ ಉಣ್ಣಬೇಕು. ತಿಂಗಳ ಖರ್ಚು 60 ಸಾವಿರವಾದರೆ 25 ಪಟ್ಟೆಂದರೆ 1 ಕೋಟಿ 80 ಲಕ್ಷ. ಆ ಗುರಿ ಮುಟ್ಟುವ ಹೊತ್ತಿಗೆ ಗುರಿ ಅಲ್ಲಿರುವುದಿಲ್ಲ: ಬೆಲೆ ಶೇ 6ರಂತೆ ಏರಿದರೆ 12 ವರ್ಷದಲ್ಲಿ ಅದು 3 ಕೋಟಿ 60 ಲಕ್ಷವಾಗಿ ಮುಂದಿನ ಸ್ಟಾಪಿನಲ್ಲಿ ನಿಂತಿರುತ್ತದೆ.

ಧರ್ಮಶಾಸ್ತ್ರ ಏನೆನ್ನುತ್ತದೆ? ಮುಖದಲ್ಲಿ ಸುಕ್ಕು, ತಲೆಯಲ್ಲಿ ನರೆ, ತೊಡೆಯ ಮೇಲೆ ಮೊಮ್ಮಗ, ಇಷ್ಟನ್ನು ಕಂಡ ಗೃಹಸ್ಥ ಕಾಡಿಗೆ ಹೊರಡಲಿ ಎಂದು ಮನುಸ್ಮೃತಿ. ಬೋರ್‌ವೆಲ್ ನೀರಿನ ಕೃಪೆಯಿಂದ ನರೆ 28ಕ್ಕೇ ಬಂದಿದೆ, ನೈಟ್ ಶಿಫ್ಟಿನಿಂದ ಸುಕ್ಕು. ಮೂರರಲ್ಲಿ ಎರಡು ಸಿದ್ಧಿಸಿರುವಾಗ ಮೊಮ್ಮಗನಿಗೆಂದು ಕಾಯುವುದು ಶುದ್ಧ ಕರ್ಮಠತನ. ಕಾಡಿಗೆ ಹೋಗಲು ಅಸಲಿ ಅಡ್ಡಿಯಿದ್ದದ್ದು ಕರ್ನಾಟಕ ಭೂ ಸುಧಾರಣಾ ಕಾಯ್ದೆಯಲ್ಲಿ. ಕೃಷಿಕರಲ್ಲದವರು ಹೊಲ ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಂಗಳು 2020ರ ತಿದ್ದುಪಡಿಯಲ್ಲಿ ಹೋದವು. ವಾನಪ್ರಸ್ಥಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯ ಬಾಗಿಲು ತೆರೆದದ್ದೇ ಆಗ. ಸಕಲೇಶಪುರದ ಕಡೆ ಎರಡು ಎಕರೆ ನೋಡಿ ಬರುವ ವಾರಾಂತ್ಯದ ಋಷಿಗಳ ಕಾರುಗಳಿಗೆ ದಾರಿಯ ಗುಂಡಿಗಳೇ ತಪಸ್ಸು.

ಕನ್ನಡ ನಾಡಿನ ಹಿರಿಯ ಅಕಾಲ ನಿವೃತ್ತರಾದರೂ ಈ ಮತಕ್ಕೆ ಸಾಕ್ಷಿ ನುಡಿದಾರೇ ಎಂದರೆ ನಿರಾಸೆ. ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಕೆಲಸಕ್ಕೆ ಐವತ್ತು ತುಂಬುವ ಮೊದಲೇ ಸ್ವಯಂ ನಿವೃತ್ತಿ ಹೇಳಿದವರು. ಹೇಳಿ ಮಾಡಿದ್ದೇನು? ಮೈಸೂರಿನ ಮುಖ್ಯ ಎಂಜಿನಿಯರ್ ಆದರು, 1912ರಲ್ಲಿ ದಿವಾನರಾದರು, 1918ರಲ್ಲಿ ಅದನ್ನೂ ಬಿಟ್ಟು ಮತ್ತೂ ದಶಕಗಳ ಕಾಲ ಸಮಿತಿ, ವರದಿ, ಪುಸ್ತಕಗಳಲ್ಲಿ ಮುಳುಗಿದರು. ಮಾಸ್ತಿ ವೆಂಕಟೇಶ ಅಯ್ಯಂಗಾರರದು ಇನ್ನೊಂದು ಬಗೆ. ತಮಗಿಂತ ಕಿರಿಯರಿಗೆ ಮೇಲಿನ ಹುದ್ದೆ ಸಿಕ್ಕಿದ್ದಕ್ಕೆ 1943ರಲ್ಲಿ ಸರ್ಕಾರಿ ಕೆಲಸ ಬಿಟ್ಟರು. ಇದನ್ನು ಶಾಸ್ತ್ರದಲ್ಲಿ ‘ಮುನಿಸಿನ ನಿವೃತ್ತಿ’ ಎಂದು ವರ್ಗೀಕರಿಸಬಹುದು. ಬಿಟ್ಟವರು ‘ಜೀವನ’ ಪತ್ರಿಕೆ ನಡೆಸಿದರು, ‘ಚಿಕವೀರ ರಾಜೇಂದ್ರ’ ಬರೆದರು, 1983ರಲ್ಲಿ ಜ್ಞಾನಪೀಠ ಪಡೆದರು. ಇಬ್ಬರೂ ಬಾಲಿಯ ಸಮುದ್ರತೀರದಲ್ಲಿ ಕಾಲು ಚಾಚಿ ಕೂತ ದಾಖಲೆಯಿಲ್ಲ. ಪ್ರತಿಪಕ್ಷದ ಕಡೆಗೆ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನಿದ್ದಾಳೆ. ಗಂಡ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಅಟ್ಟಿದವಳು. ಅವಳೆದುರು 25 ಪಟ್ಟಿನ ಮಾತೆತ್ತಲು ಯಾವ ಫಂಡ್ ಮ್ಯಾನೇಜರಿಗೂ ಧೈರ್ಯ ಸಾಲದು.

ಮುಖ್ಯ ಆಕ್ಷೇಪ ಬರುವುದು ವಿದ್ವಾಂಸರಿಂದಲ್ಲ, ಅಡುಗೆಮನೆಯಿಂದ. ಊಟದ ಮೇಜಿನ ಮೇಲೆ ಮಗನ ಲ್ಯಾಪ್‌ಟಾಪ್. ಎಕ್ಸೆಲ್ ಹಾಳೆಯಲ್ಲಿ ಬಾಡಿಗೆ, ದಿನಸಿ, ಪೆಟ್ರೋಲು, ಜಿಮ್ಮು, ನೆಟ್‌ಫ್ಲಿಕ್ಸ್, ವರ್ಷಕ್ಕೊಂದು ವಿದೇಶ ಪ್ರವಾಸ. ಅಮ್ಮ ಕೈ ಒರೆಸಿಕೊಂಡು ಕನ್ನಡಕ ಹಾಕಿ ಮೇಲಿಂದ ಕೆಳಗೆ ಓದುತ್ತಾಳೆ.

‘ಅಕ್ಕನ ಮಗಳ ಮದುವೆ ಎಲ್ಲಿದೆ ಇದರಲ್ಲಿ? ಸೋದರಮಾವ ನೀನೇ ತಾನೆ?’

ಹಾಳೆ ಉತ್ತರಿಸುವುದಿಲ್ಲ. ಅಮ್ಮನ ಮಂಡಿ ಆಪರೇಷನ್ನು, ಊರಿನ ಮನೆಯ ಹೆಂಚು, ಚಿಕ್ಕಪ್ಪನಿಗೆ ಕೊಟ್ಟು ಕೇಳಲಾಗದ ಕೈಗಡ, ಇವ್ಯಾವುವೂ ಟ್ರಿನಿಟಿಯ ಪ್ರಾಧ್ಯಾಪಕರ ಕೋಷ್ಟಕದಲ್ಲಿಲ್ಲ. ಕೆಲಸ ಬಿಟ್ಟ ದಿನವೇ ಕಂಪನಿಯ ಗುಂಪು ಆರೋಗ್ಯ ವಿಮೆ ನಿಲ್ಲುತ್ತದೆ. ಹೊಸದಾಗಿ ಕೊಂಡ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದ ತನಕ ಕಾಯಿಸಬಹುದು. ಮಂಡಿ ಅಷ್ಟು ಕಾಯುವುದಿಲ್ಲ. ಒಬ್ಬನ ಖರ್ಚನ್ನು 25ರಿಂದ ಗುಣಿಸುವುದು ಸುಲಭ, ಆದರೆ ಇಲ್ಲಿ ಖರ್ಚು ಒಬ್ಬನದಾಗಿ ಹುಟ್ಟುವುದೇ ಇಲ್ಲ. ಪ್ರಬಂಧಕಾರರ ತೀರ್ಪು: ಸೂತ್ರ ಸರಿ, ಗುಣ್ಯ ತಪ್ಪು.

ಇಷ್ಟಾದರೂ ರಾಜೀನಾಮೆ ಪತ್ರ ಬರೆದಿಟ್ಟುಕೊಂಡ ತರುಣ ತರುಣಿಯರಲ್ಲಿ ಒಂದು ವಿನಂತಿ. ಖಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು ಒಂದೇ ಸಂಸ್ಥೆಯಲ್ಲಿ ಸತತ ಐದು ವರ್ಷದ ಸೇವೆ ಬೇಕು. ನಾಲ್ಕು ವರ್ಷ ಆಗಿದ್ದರೆ ಇನ್ನೊಂದು ವರ್ಷ ಹಲ್ಲು ಕಚ್ಚಿ ಇರಿ, ಅಮ್ಮನಿಗೆ ಈಗಲೇ ಬೇರೆ ವಿಮೆ ಮಾಡಿಸಿ, ಆಮೇಲೆ ಬಿಡಿ.