ಅಡಗಿ ಕೂತ ಪಂಪು

ಪುಣೆಯಲ್ಲಿರುವ ನಮ್ಮ ಅಕ್ಕನ ಮಗ ಕ್ಯಾರವಾನ್ ಬಾಡಿಗೆ ಹಿಡಿದು ಅಂಬೋಲಿಗೆ ಹೊರಟವನು, ದಾರಿಯಲ್ಲಿ ನೂಲದ ನಮ್ಮ ಮನೆ ಮುಂದೆ ನಿಲ್ಲಿಸಿದ. ಒಳಗೆ ಹಾಸಿಗೆ, ಒಲೆ, ಸಿಂಕು ಎಲ್ಲ ಇತ್ತು. ನಲ್ಲಿ ತಿರುವಿದರೆ ಮಾತ್ರ ಗುರ್ ಅನ್ನುವ ಸದ್ದು, ನೀರಿಲ್ಲ.

“ಮಾಮಾ, ಪಂಪ್ ಎಲ್ಲೈತೋ ತಿಳೀವಲ್ತು.”

ನಮಗೆ ಪಂಪು ಅಂದರೆ ಹಿರಣ್ಯಕೇಶಿಯ ದಂಡೆಯಲ್ಲಿ ತಗಡಿನ ಶೆಡ್ಡಿನೊಳಗೆ ಕೂತು ಕಬ್ಬಿನ ಹೊಲಕ್ಕೆಲ್ಲ ಕೇಳುವಂತೆ ಒದರುವ ಜೀವ. ಇದು 12 ವೋಲ್ಟಿನ, ಅಂಗೈ ಉದ್ದದ ನಾಚಿಕೆ ಪ್ರಾಣಿ. ನಲ್ಲಿ ತೆರೆದು ಕೊಳವೆಯ ಒತ್ತಡ ಇಳಿದರೆ ತಾನೇ ಶುರು, ಮುಚ್ಚಿ ಒತ್ತಡ ಏರಿದರೆ ತಾನೇ ಬಂದ್. ಇಷ್ಟು ಜಾಣತನ ಇದ್ದದ್ದು ಮುಖ ಯಾಕೆ ತೋರಿಸುವುದಿಲ್ಲವೋ!

ಸಿಂಕಿನ ಕೆಳಗೆ ನೋಡಿದೆವು. ಚಕ್ರದ ಹತ್ತಿರ ಮಲಗಿ ನೋಡಿದೆವು. ಓಣಿಯ ಮಂದಿಯೂ ಬಂದು ನೋಡಿತು, ಪಂಪು ಬಿಟ್ಟು ಉಳಿದದ್ದನ್ನೆಲ್ಲ. ಕೊನೆಗೆ ಬಾವಿಯ ಮೋಟರು ರಿಪೇರಿ ಮಾಡುವವನು ಬಂದ.

“ನಲ್ಲಿ ಬಿಡ್ರಿ. ಎಲ್ಲಾರೂ ಬಾಯಿ ಮುಚ್ರಿ.”

ಎರಡನೆಯದು ನಮ್ಮ ಓಣಿಗೆ ಕಷ್ಟದ ಕೆಲಸ. ಆದರೂ ಅವನು ಗೋಡೆಗೆ ಕಿವಿ ಹಚ್ಚುತ್ತ ಹಚ್ಚುತ್ತ ಹಾಸಿಗೆಯ ಮೇಲೆ ನಿಂತ. ಅಕ್ಕ ಒತ್ತಿ ಕಳಿಸಿದ್ದ ಮೂರು ಕೌದಿ ತೆಗೆದು, ನಾಲ್ಕು ಸ್ಕ್ರೂ ಬಿಚ್ಚಿ, ಹಲಗೆ ಎತ್ತಿದರೆ ಟಾಕಿಯ ಮಗ್ಗುಲಲ್ಲಿ ಪಂಪು! ಜಾಳಿಗೆ ತೊಳೆದ, ವಾಯರು ಜಗ್ಗಿ ನೋಡಿದ. ಆಮೇಲೆ ಟಾಕಿಯನ್ನು ಟೊಣ್ ಟೊಣ್ ಬಡಿದ.

“ತಮ್ಮಾ, ಇದರಾಗ ನೀರ್ ಹಾಕಿ ಬಂದೀಯೇನು?”

ಹುಡುಗ ನನ್ನ ಮುಖ ನೋಡಿದ. ನಾನು ಕೊಡ ತರಲು ಒಳಗೆ ಹೋದೆ.