ಹಿಮ್ಮಡಿ ಮೀಮಾಂಸೆ

ಬೆಳಗಿನ ಜಾವ ಕಬ್ಬನ್ ಪಾರ್ಕನ್ನು ಸುತ್ತುವ ಹವ್ಯಾಸಿ ಮ್ಯಾರಥಾನ್ ಓಟಗಾರರ ವಿಷಯವಾಗಿ ಈವರೆಗೆ ಬಲ್ಲವರು ಹೇಳಿರುವುದೆಲ್ಲ ಒಂದು ಮೂಲದೋಷದಿಂದ ಕೆಟ್ಟಿದೆ. ಈ ಜನ ಓಡುವುದು ಆರೋಗ್ಯಕ್ಕೆ, ಪದಕಕ್ಕೆ, ಇಲ್ಲವೇ ಓಟ ಮುಗಿದ ಮೇಲಿನ ಮಸಾಲೆದೋಸೆಗೆ ಎಂದು ಮೊದಲೇ ಒಪ್ಪಿಕೊಂಡು, ನಡುವೆ ಬರುವ ಕಾಲುನೋವನ್ನು ವಿಘ್ನದ ಲೆಕ್ಕಕ್ಕೆ ಹಾಕಿಬಿಟ್ಟಿದ್ದಾರೆ. ಪ್ರಸ್ತುತ ಪ್ರಬಂಧದ ಸಿದ್ಧಾಂತ ಬೇರೆ: ಗಾಯವೇ ನಿಜವಾದ ದೀರ್ಘದೂರ ಕ್ರೀಡೆ, ಓಟ ಅದಕ್ಕೆ ಬೇಕಾದ ಅರ್ಹತಾ ಸುತ್ತು. ಮೊದಲು ಕಾಲಪ್ರಮಾಣವನ್ನೇ ನೋಡಿ. ಮ್ಯಾರಥಾನಿನ 42.195 ಕಿಲೋಮೀಟರನ್ನು ಸಾಧಾರಣ ಹವ್ಯಾಸಿ ನಾಲ್ಕೈದು ಗಂಟೆಯಲ್ಲಿ ಮುಗಿಸಿ ಬಾಳೆಹಣ್ಣು ಸುಲಿಯುತ್ತಾನೆ. ಅದೇ ಮನುಷ್ಯ ಪ್ಲಾಂಟರ್ ಫೇಸಿಯೈಟಿಸ್ ಎಂಬ ಅಂಗಾಲಿನ ನೋವನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟಿದರೂ, ದಿನಾ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಯಲ್ಲೇ ಎದುರುಗೊಳ್ಳುತ್ತಾನೆ. ಸಹಿಷ್ಣುತೆಯ ಕ್ರೀಡೆ ಎಂಬ ಬಿರುದು ಇವೆರಡರಲ್ಲಿ ಯಾವುದಕ್ಕೆ ಸಲ್ಲಬೇಕೆಂದು ತರ್ಕಶಾಸ್ತ್ರ ಓದದವನೂ ಹೇಳಬಲ್ಲ. ಇನ್ನು ಆ ದೂರದ ಪ್ರಾಮಾಣ್ಯವೂ ಅನುಮಾನದ್ದೇ. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಟ ವಿಂಡ್ಸರ್ ಅರಮನೆಯಲ್ಲಿ ಹೊರಟು ರಾಜಮನೆತನದವರ ಆಸನದ ಮುಂದೆ ಮುಗಿದದ್ದರಿಂದ ಬಂದ ಅಳತೆ ಅದು. 1921ರಲ್ಲಿ ಅದನ್ನೇ ಕಾಯಂ ಮಾಡಿದರು. ಮೂಳೆ ಮಾತ್ರ ತನ್ನ ಅವಧಿಯನ್ನು ಯಾವ ರಾಣಿ ಎಲ್ಲಿ ಕೂತಿದ್ದಾಳೆಂದು ನೋಡಿ ಗೊತ್ತುಮಾಡುವುದಿಲ್ಲ. ದಂತಕಥೆಯ ಆದಿ ಓಟಗಾರ ಅಥೆನ್ಸ್ ಮುಟ್ಟಿ, ಗೆಲುವಿನ ಸುದ್ದಿ ಹೇಳಿ, ಅಲ್ಲೇ ಸತ್ತನಂತೆ. ಗಾಯದ ಸುತ್ತಿಗೆ ಬಾರದೆಯೇ ಕಣದಿಂದ ಹಿಂದೆ ಸರಿದವನೆಂದು ಈ ಶಾಸ್ತ್ರ ಅವನನ್ನು ಗಣನೆಗೆ ತೆಗೆದುಕೊಂಡಿಲ್ಲ.

ಇದಕ್ಕಿಂತ ಬಲವಾದ ಪ್ರಮಾಣ ಸ್ವೀಡನ್ನಿನಿಂದ ಬಂದಿದೆ. ಅಲ್ಲಿನ ಮೂಳೆವೈದ್ಯ ಹೋಕನ್ ಆಲ್ಫ್ರೆಡ್‌ಸನ್ ಅವರಿಗೆ ಹಿಮ್ಮಡಿಯ ಮೇಲಿನ ಅಖಿಲೀಸ್ ಸ್ನಾಯುರಜ್ಜು ನೋಯುತ್ತಿತ್ತು. ಶಸ್ತ್ರಚಿಕಿತ್ಸೆಗೆ ಮೇಲಿನವರು ಒಪ್ಪದೆ ಹೋದಾಗ, ಹರಿದೇ ಹೋದರೆ ಒಪ್ಪಲೇಬೇಕಲ್ಲ ಎಂದು ಅವರು ನೋವಿದ್ದ ರಜ್ಜುವಿನ ಮೇಲೇ ಭಾರ ಹಾಕುತ್ತ ಹೋದರಂತೆ. ಹರಿಯಬೇಕಿದ್ದ ರಜ್ಜು ವಾಸಿಯಾಯಿತಂತೆ. ಕ್ರೀಡಾವೈದ್ಯರು ಈ ಕಥೆಯನ್ನು ಸ್ಥಳಪುರಾಣದ ಭಕ್ತಿಯಿಂದ ಹೇಳುತ್ತಾರೆ. 1998ರಲ್ಲಿ ಅವರು 15 ಮಂದಿ ಹವ್ಯಾಸಿ ಓಟಗಾರರಿಗೆ ಅದೇ ವ್ಯಾಯಾಮ ಕೊಟ್ಟ ಫಲಿತಾಂಶ ಪ್ರಕಟವಾಯಿತು. ಮೆಟ್ಟಿಲಿನ ಅಂಚಿನಲ್ಲಿ ತುದಿಗಾಲ ಮೇಲೆ ನಿಂತು ಹಿಮ್ಮಡಿಯನ್ನು ಮೆಲ್ಲಗೆ ಕೆಳಗಿಳಿಸುವುದು. ಮೊಣಕಾಲು ನೆಟ್ಟಗಿಟ್ಟು ಹದಿನೈದರಂತೆ ಮೂರು ಸಲ, ಮಡಿಸಿ ಇನ್ನು ಮೂರು ಸಲ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಹನ್ನೆರಡು ವಾರ. ದಿನಕ್ಕೆ 180, ಒಟ್ಟು 15,120. ನೋವಾದರೆ ನಿಲ್ಲಿಸುವಂತಿಲ್ಲ. ನೋವು ಹೋಗಿಬಿಟ್ಟರೆ ಬೆನ್ನುಚೀಲದಲ್ಲಿ ಭಾರ ತುಂಬಿಕೊಂಡು ಅದನ್ನು ವಾಪಸು ಕರೆತರಬೇಕು. ಹದಿನೈದೂ ಮಂದಿ ಮತ್ತೆ ಓಡತೊಡಗಿದರು. ಓದುಗರು ಇಲ್ಲಿ ಚಿಕಿತ್ಸೆಯ ಯಶಸ್ಸನ್ನು ಕಾಣುತ್ತಾರೆ. ಮೀಮಾಂಸಕನ ಕಣ್ಣಿಗೆ ಬೀಳುವುದು ಬೇರೆಯೇ: ಯಾವ ಮ್ಯಾರಥಾನ್ ತರಬೇತಿಯೂ ಬೇಡದಷ್ಟು ಕರಾರುವಾಕ್ಕಾದ ವ್ರತ, ರಜಾದಿನವಿಲ್ಲದ ವೇಳಾಪಟ್ಟಿ, ನಿಂತಲ್ಲೇ ನಿಂತು ಸವೆಸುವ ಹಾದಿ. ವಾರಕ್ಕೆ ನಾಲ್ಕು ದಿನದ ಓಟ ತಪ್ಪಿಸಲು ಎಂಟು ನೆಪ ಹುಡುಕುತ್ತಿದ್ದವನು ಈ ಹಿಮ್ಮಡಿಯ ಜಪಕ್ಕೆ ಒಂದು ದಿನವೂ ತಪ್ಪುವುದಿಲ್ಲ. ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತುವ ನೆರೆಹೊರೆಯವರು ಅವನನ್ನು ಬಳಸಿಕೊಂಡು ಹೋಗುವುದನ್ನು ರೂಢಿ ಮಾಡಿಕೊಳ್ಳುತ್ತಾರೆ.

ಈಗ ಪೂರ್ವಪಕ್ಷ. ಗಾಯವನ್ನು ಯಾರೂ ಬೇಕೆಂದು ಮಾಡಿಕೊಳ್ಳುವುದಿಲ್ಲ, ಇಚ್ಛೆಯಿಲ್ಲದ್ದು ಕ್ರೀಡೆ ಹೇಗಾದೀತು ಎಂಬುದು ಮೊದಲ ಆಕ್ಷೇಪ. ಇದಕ್ಕೆ ಇತಿಹಾಸವೇ ಉತ್ತರ ಕೊಡುತ್ತದೆ. 1855ರಲ್ಲಿ ಪ್ರಷ್ಯಾದ ಸೇನಾವೈದ್ಯ ಬ್ರೈಟ್‌ಹೌಪ್ಟ್, ಕವಾಯತು ಮಾಡಿ ಮಾಡಿ ಪಾದ ಬಾತುಕೊಂಡ ಸಿಪಾಯಿಗಳನ್ನು ವರ್ಣಿಸಿದ. ಎಕ್ಸ್‌ರೇ ಇನ್ನೂ ಇಲ್ಲದ ಕಾಲ. ಒಳಗೆ ಮೂಳೆ ಬಿರುಕು ಬಿಟ್ಟಿದೆ ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆ ಸಿಪಾಯಿಗಳ ಹಿಂದೆ ಸಾರ್ಜೆಂಟನಿದ್ದ, ಹುಕುಂ ಇತ್ತು, ಮೀರಿದರೆ ಶಿಕ್ಷೆಯಿತ್ತು. ನಮ್ಮ ಹವ್ಯಾಸಿ ಅದೇ ಬಿರುಕನ್ನು ಪ್ರವೇಶಶುಲ್ಕ ಕಟ್ಟಿ, ಟಿ-ಶರ್ಟ್ ಅಳತೆ ನಮೂದಿಸಿ ಪಡೆಯುತ್ತಾನೆ. ಇದಕ್ಕಿಂತ ಸ್ಪಷ್ಟವಾದ ಇಚ್ಛಾಪ್ರಕಟಣೆ ಬೇಕೆ? ಸುಶ್ರುತಸಂಹಿತೆ ಮೂಳೆಮುರಿತದಲ್ಲಿ ಹನ್ನೆರಡು ಬಗೆ, ಕೀಲು ಜಾರಿದ್ದರಲ್ಲಿ ಆರು ಬಗೆ ಎಣಿಸಿ, ಬೀಳುವುದು, ಅಮುಕುವುದು, ಪೆಟ್ಟು, ಕಾಡುಮೃಗದ ಕಡಿತ ಎಂದೆಲ್ಲ ಕಾರಣ ಕೊಡುತ್ತದೆ. ಮುಂಗಡ ನೋಂದಣಿ ಆ ಪಟ್ಟಿಯಲ್ಲಿಲ್ಲ. ಮಹರ್ಷಿಗಳು ಕೂಡ ಊಹಿಸದ ಕಾರಣವನ್ನು ಕಂಡುಹಿಡಿದ ಜನಕ್ಕೆ ಇಚ್ಛಾಶಕ್ತಿ ಇಲ್ಲವೆನ್ನುವುದು ಅನ್ಯಾಯ.

ಪೂರ್ವಪಕ್ಷಿ ಇಷ್ಟಕ್ಕೆ ಬಿಡುವುದಿಲ್ಲ. ವಾರಕ್ಕೆ ಶೇಕಡ 10ಕ್ಕಿಂತ ಹೆಚ್ಚು ದೂರ ಏರಿಸಬಾರದೆಂಬ ನಿಯಮವನ್ನು ಓಟಗಾರರೆಲ್ಲ ಬಾಯಿಪಾಠ ಮಾಡಿದ್ದಾರಲ್ಲ, ಅದು ಗಾಯವನ್ನು ತಪ್ಪಿಸುವ ಪ್ರಯತ್ನವೇ ತಾನೆ ಎನ್ನುತ್ತಾನೆ. ನೆದರ್ಲೆಂಡ್ಸಿನ ಗ್ರೋನಿಂಗನ್‌ನಲ್ಲಿ ಈ ನಿಯಮವನ್ನು ಪರೀಕ್ಷೆಗಿಟ್ಟರು. 2008ರಲ್ಲಿ ಫಲಿತಾಂಶ ಬಂತು. ಐನೂರಕ್ಕೂ ಹೆಚ್ಚು ಹೊಸ ಓಟಗಾರರಲ್ಲಿ ಅರ್ಧ ಜನ ನಿಧಾನವಾಗಿ ಏರುವ ಕಾರ್ಯಕ್ರಮ ಹಿಡಿದರು, ಉಳಿದವರು ಮಾಮೂಲಿನದನ್ನು. ಎರಡೂ ಗುಂಪಿನಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಗಾಯ. ನಿಯಮ ಪಾಲಿಸಿದವರೂ ಪಾಲಿಸದವರೂ ಒಂದೇ ಗುರಿ ಮುಟ್ಟಿದ ಮೇಲೆ ಆ ಗುರಿ ಯಾವುದಿತ್ತೆಂದು ಹೇಳಬೇಕಾಗಿಲ್ಲ. ಶರೀರಶಾಸ್ತ್ರವೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಭಾರ ಬಿದ್ದಂತೆ ಮೂಳೆ ತನ್ನನ್ನು ತಾನು ಮತ್ತೆ ಕಟ್ಟಿಕೊಳ್ಳುತ್ತದೆ ಎಂದು ಜರ್ಮನಿಯ ಯೂಲಿಯಸ್ ವುಲ್ಫ್ 1892ರಲ್ಲಿ ವಾದಿಸಿದ. ನಿಜ, ಆದರೆ ಹೊಸದನ್ನು ಕಟ್ಟುವ ಮೊದಲು ಮೂಳೆ ಹಳೆಯದನ್ನು ಕೆಡವಬೇಕು. ಕೆಡವುವುದು ವಾರಗಳ ಕೆಲಸ, ಕಟ್ಟುವುದು ತಿಂಗಳುಗಳದ್ದು. ನಮ್ಮ ನಗರದ ರಸ್ತೆ ಅಗೆಯುವವರಿಗೂ ಟಾರು ಹಾಕುವವರಿಗೂ ಇರುವ ಅಂತರವೇ ಇಲ್ಲೂ ಇದೆ. ಆ ನಡುವಿನ ಅವಧಿಯಲ್ಲೇ ಹವ್ಯಾಸಿಗೆ ತಾನು ಹಿಂದೆಂದೂ ಇಲ್ಲದಷ್ಟು ಗಟ್ಟಿಯಾಗಿದ್ದೇನೆ ಅನ್ನಿಸಿ ಮೂವತ್ತು ಕಿಲೋಮೀಟರ್ ಹೊರಡುವುದು.

ಪ್ರಮಾಣಗಳ ವಿಷಯದಲ್ಲಿ ಈ ಜನಾಂಗದ ಜ್ಞಾನಮೀಮಾಂಸೆ ವಿಶಿಷ್ಟವಾದದ್ದು, ಸ್ವಲ್ಪ ನಿಂತು ನೋಡಬೇಕು. ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರರಲ್ಲಿ ಪ್ರತ್ಯಕ್ಷವೆಂದರೆ ನೋವು. ಅದನ್ನು ಓಟಗಾರ ಮೊದಲ ಎರಡು ಕಿಲೋಮೀಟರ್ ನಂಬುವುದಿಲ್ಲ. ಮೈ ಬಿಸಿಯಾದ ಮೇಲೆ ಕಡಿಮೆಯಾದದ್ದನ್ನು ಮಾತ್ರ ನಂಬುತ್ತಾನೆ. ಅನುಮಾನವೆಂದರೆ ರಾತ್ರಿ ಹನ್ನೊಂದರ ಗೂಗಲ್ ಹುಡುಕಾಟ. ಇದು ಸಾಮಾನ್ಯ ಮೀನಖಂಡದ ಸೆಳೆತದಿಂದ ಹೊರಟು ಮಧ್ಯರಾತ್ರಿಯ ಹೊತ್ತಿಗೆ ಅಪರೂಪದ ರೋಗಗಳನ್ನು ತಲುಪುತ್ತದೆ. ಶಬ್ದಪ್ರಮಾಣ ಫಿಸಿಯೋನದು. ಆರು ವಾರ ಓಡಬೇಡಿ ಎಂಬ ಆಪ್ತವಾಕ್ಯವನ್ನು ಇವನು ಮತ್ತೊಬ್ಬ ಫಿಸಿಯೋ ಸಿಗುವವರೆಗೆ ಗೌರವಿಸುತ್ತಾನೆ. ಎಕ್ಸ್‌ರೇ ಸಹ ಇವನ ಪಕ್ಷದಲ್ಲೇ ಇದೆ: ಒತ್ತಡದ ಬಿರುಕು ಮೊದಲ ಎರಡು ಮೂರು ವಾರ ಅದರಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಕಾಣದ ಬಿರುಕು ಇಲ್ಲದ ಬಿರುಕೆಂದು ತೀರ್ಪಿತ್ತು ಇವನು ಭಾನುವಾರ ಹೊರಟೇಬಿಡುತ್ತಾನೆ. ಇದರ ಮೇಲೆ ಶಾಸ್ತ್ರಕಾರರಲ್ಲೇ ಒಮ್ಮತವಿಲ್ಲ. ಉಳುಕಿಗೆ ವಿಶ್ರಾಂತಿ, ಐಸು, ಬಿಗಿಪಟ್ಟಿ, ಕಾಲು ಮೇಲೆತ್ತುವುದು ಎಂಬ ಸೂತ್ರವನ್ನು 1978ರಲ್ಲಿ ಪ್ರಚಾರಕ್ಕೆ ತಂದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್, ದಶಕಗಳ ಮೇಲೆ ಐಸೂ ಪೂರ್ತಿ ವಿಶ್ರಾಂತಿಯೂ ವಾಸಿಯಾಗುವುದನ್ನು ತಡಮಾಡಬಹುದೆಂದು ತಾನೇ ಬರೆದ. ಅಷ್ಟರಲ್ಲಿ ಎಷ್ಟೋ ಮನೆಗಳ ಫ್ರೀಜರಿನ ಬಟಾಣಿ ಪೊಟ್ಟಣಗಳು ಮೊಣಕಾಲಿಗೂ ಪಲಾವಿಗೂ ಸಮನಾಗಿ ದುಡಿದಿದ್ದವು. ಶುರುವಿನಿಂದಲೂ ಉಪ್ಪುನೀರಿನ ಬಿಸಿ ಶಾಖವನ್ನೇ ಎತ್ತಿಹಿಡಿದಿದ್ದ ಅಜ್ಜಿಯರ ಪಂಥ ಇದನ್ನು ತನ್ನ ಗೆಲುವೆಂದು ಘೋಷಿಸಿದ್ದರಲ್ಲಿ ಆಶ್ಚರ್ಯವಿಲ್ಲ, ಬಿಸಿ ಶಾಖಕ್ಕೆ ಮಿರ್ಕಿನ್‌ರ ಅನುಮೋದನೆ ಇರದಿದ್ದರೂ.

ಕನ್ನಡದ ಮಟ್ಟಿಗೆ ಈ ಶಾಸ್ತ್ರಕ್ಕೆ ಆಕರ ಹತ್ತನೆಯ ಶತಮಾನದ ರನ್ನನಲ್ಲಿದೆ. ಓಡಲಾಗದವರಿಗೆ ಕೊಳದಲ್ಲಿ ಮುಳುಗಿ, ತಳ ಮುಟ್ಟದಂತೆ ಕಾಲಾಡಿಸುವ ವ್ಯಾಯಾಮ ಹೇಳುವುದು ಇಂದಿನ ಪದ್ಧತಿ. ನೀರಿನಲ್ಲಿ ಅದರಿಂದ ಬೆವರು ಬರುವಷ್ಟು ಶ್ರಮವಾಗುತ್ತದೆಯೇ ಎಂದು ಶಂಕಿಸುವವರು ಗದಾಯುದ್ಧ ನೋಡಬೇಕು; ವೈಶಂಪಾಯನ ಸರೋವರದೊಳಗಿದ್ದ ದುರ್ಯೋಧನನಿಗೆ ನೀರಿನಲ್ಲೇ ಬೆವರಿತೆಂದು ಕವಿ ಸಾಕ್ಷ್ಯ ಕೊಟ್ಟಿದ್ದಾನೆ. ಅವನ ತೊಡೆ ಮುರಿದದ್ದು ನೀರಿನಿಂದ ಮೇಲೆದ್ದ ಮೇಲಲ್ಲವೇ, ಚಿಕಿತ್ಸೆ ಮೊದಲು ಗಾಯ ಆಮೇಲೆ ಎಂದಾಯಿತಲ್ಲ ಎಂದು ಪೂರ್ವಪಕ್ಷಿ ನಗುತ್ತಾನೆ. ಗಾಯ ಬರುವ ಮುಂಚೆಯೇ ಮಾಡುವ ಈ ಸಾಧನೆಗೆ ಫಿಸಿಯೋಗಳು ಪ್ರಿಹ್ಯಾಬ್ ಎನ್ನುತ್ತಾರೆ ಎಂಬಷ್ಟೇ ನಮ್ಮ ಸಮಾಧಾನ. ಅದರಿಂದ ತೊಡೆ ಉಳಿಯಲಿಲ್ಲ ಎಂಬುದು ಭೀಮನ ಗದೆಯ ವಿಷಯ, ವ್ಯಾಯಾಮದ ವಿಷಯವಲ್ಲ.

ಕಡೆಯ ಆಕ್ಷೇಪ ಗಟ್ಟಿಯಾದದ್ದು. ಗಾಯವೇ ಗುರಿಯಾಗಿದ್ದರೆ ಇವರು ವಾಸಿಯಾಗಲು ಅಷ್ಟು ಹಂಬಲಿಸುವುದೇಕೆ? ಮೂರು ವಾರ ಕೂತರೆ ದೇಹ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಮಟ್ಟ ಸುಮಾರು ಶೇಕಡ 7 ಇಳಿಯುತ್ತದೆಂದು 1980ರ ದಶಕದಲ್ಲೇ ಅಳೆದಿದ್ದಾರೆ; ಓಟಗಾರ ಮೂರನೆಯ ದಿನವೇ ಪೂರ್ತಿ ಇಳಿದುಹೋದೆನೆಂದು ಕನ್ನಡಿ ಮುಂದೆ ನಿಂತು ಕೊರಗುವುದನ್ನು ಮನೆಯವರೆಲ್ಲ ಕಂಡಿದ್ದಾರೆ. ಈ ಕೊರಗು ಸುಳ್ಳೆಂದು ಹೇಳುವ ಧೈರ್ಯ ಯಾವ ಶಾಸ್ತ್ರಕ್ಕೂ ಬೇಡ. ಆದರೆ ಮುಂದಿನ ಗಾಯ ಯಾರಿಗೆ ಬರುತ್ತದೆಂದು ಸಂಶೋಧಕರು ಹುಡುಕಿದಾಗ ಹೆಚ್ಚಿನ ಸಲ ಬೂಟು, ವಯಸ್ಸು, ತೂಕ ಮುಂತಾದವುಗಳಿಗಿಂತ ಬಲವಾಗಿ ಮೇಲೆ ಬಂದ ಸೂಚನೆ ಹಿಂದಿನ ಗಾಯ. ಅಂದಮೇಲೆ ವಾಸಿಯಾಗುವ ಹಂಬಲವೆಂದರೆ ಮತ್ತೆ ಅರ್ಹತಾ ಸುತ್ತಿಗೆ ಇಳಿಯುವ ಹಂಬಲವೇ, ನಮ್ಮ ಸಿದ್ಧಾಂತಕ್ಕೆ ಅದರಿಂದ ಬಾಧೆಯಿಲ್ಲ. ತೀರ್ಮಾನವಾಗದೆ ಉಳಿದಿರುವುದು ಒಂದು ಆಡಳಿತಾತ್ಮಕ ತೊಡಕು ಮಾತ್ರ. ಎಡಗಾಲು ನೋಯುತ್ತದೆಂದು ಬಲಗಾಲಿಗೆ ಭಾರ ಕೊಟ್ಟು ನಡೆದು, ಎಡಗಾಲು ಪೂರ್ತಿ ವಾಸಿಯಾದ ವಾರವೇ ಬಲಮೊಣಕಾಲು ಹಿಡಿದುಕೊಂಡವರನ್ನು ಅದೇ ಸ್ಪರ್ಧೆಯಲ್ಲಿ ಮುಂದುವರಿದವರೆಂದು ಎಣಿಸಬೇಕೋ, ಹೊಸದಾಗಿ ನೋಂದಣಿ ಮಾಡಿಸಿ ಮತ್ತೊಂದು ಟಿ-ಶರ್ಟ್ ಕೊಡಬೇಕೋ ಎಂಬ ಬಗ್ಗೆ ನಿಯಮ ರಚಿಸುವವರು ಬೇಗ ಕೂತು ಮಾತಾಡಬೇಕು. ಅರ್ಜಿದಾರರು ಈಗಾಗಲೇ ಮೆಟ್ಟಿಲ ಮೇಲೆ ಕಾಯುತ್ತಿದ್ದಾರೆ, ಈ ಸಲ ಬಲಗಾಲಲ್ಲಿ.