ಹತ್ತಿಸುವ ಕಾಕಾ

ಬೇಸಿಗೆ ರಜೆಗೆ ಸಿರಸಂಗಿಗೆ ಬಂದ ಮಕ್ಕಳನ್ನು ಮಧ್ಯಾಹ್ನ ಗುಡ್ಡಕ್ಕೆ ಕರೆದೊಯ್ಯಲು ಮನೆತನಕ್ಕೊಬ್ಬ ಕಾಕಾ ಇದ್ದೇ ಇರುತ್ತಾನೆ. ವಯಸ್ಸು ಐವತ್ತರ ಆಚೀಚೆ. ಹೆಗಲ ಮೇಲೆ ಟವೆಲ್ಲು, ಕಿಸೆಯಲ್ಲಿ ಮೊಬೈಲು. ಅವನು ಕಲ್ಲು ಹತ್ತುವುದಿಲ್ಲ. ಹತ್ತಿಸುತ್ತಾನೆ.

ಈಚೆಗೆ ಅವನಿಗೆ ಯೂಟ್ಯೂಬಿನಲ್ಲಿ ‘ಬೌಲ್ಡರಿಂಗ್’ ಸಿಕ್ಕಿದೆ. ಹಗ್ಗವಿಲ್ಲದೆ, ಕೆಳಗೆ ಗಾದಿ ಹಾಸಿ, ತೀರ ಎತ್ತರವಲ್ಲದ ಬಂಡೆ ಏರುವ ಆಟ. ಹಂಪಿಯ ಬಂಡೆಗಳಿಗೆ ಇದಕ್ಕಾಗಿಯೇ ಪರದೇಶದವರು ಬರುತ್ತಾರೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲೂ ಇತ್ತು. “ನಾವು ಸಣ್ಣಾವ್ರಿದ್ದಾಗ ಇದಕ್ಕ ಆಡು ಕಾಯೂದು ಅಂತಿದ್ವಿ” ಎನ್ನುತ್ತಾನೆ ಕಾಕಾ, ತನ್ನ ಪದಕ ಯಾರೋ ಹೊಡೆದುಕೊಂಡು ಹೋದಂತೆ.

ಗಾದಿಯ ಬದಲು ಆಯಿಯ ಕೌದಿ ಹೊರಡುತ್ತದೆ. ಬೆವರುವ ಕೈಗೆ ಹಚ್ಚುವ ಬಿಳಿ ಪುಡಿಯನ್ನು ಈ ಆಟಕ್ಕೆ 1950ರ ದಶಕದಲ್ಲಿ ತಂದವನು ಜಾನ್ ಗಿಲ್ ಎಂಬ ಅಮೆರಿಕದ ಗಣಿತದ ಮೇಷ್ಟ್ರು. ಅದು ಜಿಮ್ನಾಸ್ಟಿಕ್ಸಿನವರು ಬಳಸುವ ಮೆಗ್ನೀಸಿಯಂ ಕಾರ್ಬೊನೇಟ್. ಕಾಕಾ ಒಯ್ಯುವುದು ಜೋಳದ ಹಿಟ್ಟು. ಐದು ನಿಮಿಷದಲ್ಲಿ ಮಕ್ಕಳ ಅಂಗೈಯಲ್ಲಿ ರೊಟ್ಟಿ ಬಡಿಯುವ ಹದ ಬಂದಿರುತ್ತದೆ.

ಮೊದಲು ಕಾಳಮ್ಮನ ಗುಡಿಯಲ್ಲಿ ಕೈಮುಗಿಯಬೇಕು. ಅಲ್ಲಿ ಒಂದು ಭಾಷಣ: ಈಕೆ ವಿಶ್ವಕರ್ಮರ ಆರಾಧ್ಯದೇವತೆ, ಕಲ್ಲು ಕೆತ್ತುವವರ ತಾಯಿ, ಆಕೆಯ ಊರಿನವರಾಗಿ ಕಲ್ಲಿಗೆ ಹೆದರುವುದೇ? ಬಂಡೆಯ ಬುಡಕ್ಕೆ ಬಂದ ಮೇಲೆ ಎರಡನೆಯದು. ಕಲಾದಗಿ ಶಿಲಾಸಮೂಹದಲ್ಲಿ ಪಕ್ಕದ ಸವದತ್ತಿಯ ಹೆಸರು ಹೊತ್ತ ಬೆಣಚುಶಿಲೆಯೊಂದಿದೆ, ನೂರು ಕೋಟಿ ವರ್ಷಕ್ಕೂ ಹಳೆಯದು. ಎದುರಿನ ಕಲ್ಲು ಅದೇ ಎನ್ನುವುದರಲ್ಲಿ ಕಾಕಾನಿಗೆ ಎಳ್ಳಷ್ಟೂ ಸಂಶಯವಿಲ್ಲ. ಯಾರಾದರೂ ಹಿಂಜರಿದರೆ ಮೂರನೆಯದಕ್ಕೂ ಸಿದ್ಧ: “ಲಿಂಗರಾಜ ದೇಸಾಯರು ಮಕ್ಕಳ ಶಿಕ್ಷಣಕ್ಕ ಆಸ್ತಿನ ಬಿಟ್ಟುಕೊಟ್ರು. ನಿನಗ ಈ ಕಲ್ಲ ಬಿಡಾಕ ಆಗವಲ್ದಾ? ಕೈ ಬಿಡು, ಮ್ಯಾಲಿಂದ ಹಿಡಿ!” 1906ರಲ್ಲಿ ತೀರಿಕೊಂಡ ಸಿರಸಂಗಿಯ ಆ ತ್ಯಾಗವೀರರು ಇಂಥ ಉಪಯೋಗಕ್ಕೂ ಬರುತ್ತಾರೆ.

ಈ ಆಟದಲ್ಲಿ ಕೆಳಗೆ ನಿಲ್ಲುವುದು ನಿಜವಾಗಿಯೂ ಒಂದು ಕೆಲಸ. ಎರಡೂ ಕೈ ಮೇಲೆತ್ತಿ, ಹತ್ತುವವರ ಬೆನ್ನು, ಸೊಂಟದ ಮೇಲೆ ಕಣ್ಣಿಟ್ಟು ನಿಲ್ಲಬೇಕು. ಬಿದ್ದರೆ ಎತ್ತಿ ಹಿಡಿಯಲಿಕ್ಕಲ್ಲ. ತಲೆ ಬಡಿಯದಂತೆ, ಗಾದಿಯ ಮೇಲೇ ಬೀಳುವಂತೆ ತಿರುಗಿಸಲಿಕ್ಕೆ. ಬಾಯಿಗೆ ಹೆಚ್ಚು ಕೆಲಸವಿಲ್ಲ. ಕಾಕಾನ ಕಣ್ಣು ಮೊಬೈಲಿನಲ್ಲಿ, ಒಂದು ಕೈ ವಿಡಿಯೊದಲ್ಲಿ, ಇನ್ನೊಂದು ದಿಕ್ಕು ತೋರಿಸುವುದರಲ್ಲಿ. ಬಾಯಿ ಮಾತ್ರ ಪೂರ್ಣಾವಧಿ ದುಡಿಯುತ್ತದೆ.

“ಎಡಗಾಲ ಸಂದ್ಯಾಗ ಇಡು. ಅದಲ್ಲೋ, ನನ್ನ ಎಡಕ್ಕ!”

ಅಷ್ಟರಲ್ಲಿ ಬಿಸಿಲು ಚುರುಗುಡುತ್ತದೆ. ಕಲ್ಲಿನ ಬುಡದಲ್ಲಿದ್ದ ಕೌದಿ ಯಾರ ಗಮನಕ್ಕೂ ಬಾರದೆ ಮೊಳ ಮೊಳವಾಗಿ ಬೇವಿನ ಮರದ ನೆರಳಿಗೆ ಸರಿಯುತ್ತದೆ. ಸ್ವಲ್ಪ ಹೊತ್ತಿಗೆ ಅದರ ಮೇಲೆ ಕಾಕಾ ಕೂತಿರುತ್ತಾನೆ, ಪಕ್ಕದಲ್ಲಿ ಮಕ್ಕಳ ‘ಶಕ್ತಿ’ಗೆಂದು ತಂದ ಗೋಕಾಕ ಕರದಂಟು. ಶಕ್ತಿ ಬೇಕಾದದ್ದು ಯಾರಿಗೆ ಎಂಬುದು ಡಬ್ಬಿ ಬರಿದಾಗುವ ವೇಗದಿಂದಲೇ ತಿಳಿಯುತ್ತದೆ.

ಮೇಲಿಂದ ಹುಡುಗನ ದನಿ: “ಕಾಕಾ, ಇಳಿಯೂದು ಹ್ಯಾಂಗ್ರಿ?”

ಯೂಟ್ಯೂಬಿನ ವಿಡಿಯೊ ಹತ್ತುವಲ್ಲಿಗೇ ಮುಗಿದಿರುತ್ತದೆ. ಬಲ್ಲವರು ಇಳಿಯುವ ದಾರಿ ನೋಡಿಕೊಂಡೇ ಹತ್ತುತ್ತಾರೆ. ಜಿಗಿಯುವಾಗ ಕಾಲು ಉಳುಕುವುದೂ ಉಂಟು. ಕಾಕಾ ಗಂಟಲು ಸರಿಮಾಡಿಕೊಂಡು, “ಹತ್ತಿದ್ದು ಹ್ಯಾಂಗೋ, ಹಂಗ ಉಲ್ಟಾ” ಎನ್ನುತ್ತಾನೆ. ಆಡು ಹೊಡೆದುಕೊಂಡು ಬಂದ ಹುಡುಗಿಯೊಬ್ಬಳು ಒಂದು ಮಾತೂ ಆಡದೆ ಹುಡುಗನನ್ನು ಹಿಂದಿನ ಇಳಿಜಾರಿನಲ್ಲಿ ನಡೆಸಿಕೊಂಡು ಬರುತ್ತಾಳೆ. ಕಾಕಾ ಅದನ್ನೂ ವಿಡಿಯೊ ಮಾಡಿಕೊಳ್ಳುತ್ತಾನೆ.

ಸಂಜೆ ಕಟ್ಟೆಯ ಮೇಲೆ ವರದಿ: “ಇವತ್ತ ಹುಡುಗರನ್ನ ನಾಕ ಬಂಡೆ ಹತ್ತಿಸಿದೆ ನೋಡ್ರಿ.”

“ಮೊಣಕಾಲ ನೋವು ಅಂತಿದ್ರಿ?”

“ಮತ್ತ? ಊಟಾ ಆದಾಗಿಂದ ನಿಂತs ಇದ್ನಲ್ಲ.”